ನಿಮ್ಮ ಜೀವಿಗೂ ಹಸಿವಿರಲಿ, ಅಂಜಿಕೆ ಇರಲಿ

ಅನ್ಯಗ್ರಹದ ಜೀವಿಗಳನ್ನಿಟ್ಟುಕೊಂಡು ಭಯದ ಕಥೆ, ಚಿತ್ರಕಥೆ ಬರೆಯಲು ಹೊರಟಿರುವ ಕನ್ನಡದ ಗೆಳೆಯ ಗೆಳತಿಯರಿಗೆ,



ಆಕಾಶದಿಂದ ಇಳಿದ ಜೀವಿಯೊಂದು ಮನುಷ್ಯರನ್ನು ಬೇಟೆಯಾಡುವ ಕಥೆಗೆ ನೂರು ವರ್ಷ ಮೀರಿದ ವಯಸ್ಸಾಗಿದೆ. ಎಚ್. ಜಿ. ವೆಲ್ಸ್ ಮಂಗಳ ಗ್ರಹದವರನ್ನು ಇಂಗ್ಲೆಂಡಿನ ನೆಲಕ್ಕೆ ಇಳಿಸಿದ ‘ದಿ ವಾರ್ ಆಫ್ ದ ವರ್ಲ್ಡ್ಸ್’ ಪುಸ್ತಕವಾಗಿ ಬಂದದ್ದು 1898ರಲ್ಲಿ. ಅಲ್ಲಿಂದೀಚೆಗೆ ಈ ಜೀವಿಗಳ ಮೈ ಕಟ್ಟುವಾಗ ಬರಹಗಾರರೂ ಕಲಾವಿದರೂ ಭೂಮಿಯ ಪ್ರಾಣಿಗಳಿಂದ ಧಾರಾಳವಾಗಿ ಕಡ ತಂದಿದ್ದಾರೆ. ಏಡಿಯ ಚಿಪ್ಪು, ಜೇಡದ ಕಾಲು, ಆಕ್ಟೋಪಸ್ಸಿನ ತೋಳು, ಹಾವಿನ ಪೊರೆ, ಎಲ್ಲವೂ ಅಲ್ಲಿವೆ. ನಡತೆಯ ವಿಷಯಕ್ಕೆ ಬಂದಾಗ ಮಾತ್ರ ಹೆಚ್ಚಿನವರ ಕೈ ಬಿಗಿಯಾಗುತ್ತದೆ. ಮೈ ಪ್ರಾಣಿಯದಾದರೂ ಅದರೊಳಗೆ ಕುಳಿತು ಆಡಿಸುವುದು ಮನುಷ್ಯನ ಹಗೆತನ. ಆ ಜೀವಿಗೆ ಹೊಟ್ಟೆ ತುಂಬುವುದಿಲ್ಲ, ಸುಸ್ತಾಗುವುದಿಲ್ಲ, ಗಾಯದ ಹೆದರಿಕೆಯಿಲ್ಲ, ನಮ್ಮನ್ನು ಕೊಲ್ಲುವುದರ ಹೊರತು ಬೇರೆ ಕಸುಬಿಲ್ಲ. ನಿಜವಾದ ಯಾವ ಪ್ರಾಣಿಯೂ ಹೀಗೆ ಬದುಕುವುದಿಲ್ಲ, ಹೀಗೆ ಬದುಕಲು ಅದಕ್ಕೆ ಸಾಧ್ಯವೂ ಇಲ್ಲ. ಪ್ರಾಣಿಯ ನಡತೆಯನ್ನು ಪ್ರಾಣಿಯಿಂದಲೇ ಕಲಿತು ಬರೆದರೆ ಕಥೆಯ ಭಯ ಕಡಿಮೆಯಾಗದು, ಇನ್ನಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ನನ್ನ ವಾದ. ಅದನ್ನು ನಿಮ್ಮ ಮುಂದೆ ಇಡಲು ಈ ಪತ್ರ.

1979ರ ‘ಏಲಿಯನ್’ ಚಿತ್ರದಿಂದಲೇ ಶುರು ಮಾಡೋಣ. ಈ ಬಗೆಯ ಕಥೆ ಬರೆಯುವವರೆಲ್ಲ ಒಂದಲ್ಲ ಒಂದು ದಿನ ಅದರ ಎದುರು ನಿಲ್ಲಲೇಬೇಕು. ರಿಡ್ಲಿ ಸ್ಕಾಟ್ ನಿರ್ದೇಶಿಸಿದ, ಡ್ಯಾನ್ ಒಬ್ಯಾನನ್ ಬರೆದ, ಸ್ವಿಟ್ಜರ್ಲೆಂಡಿನ ಕಲಾವಿದ ಎಚ್. ಆರ್. ಗೀಗರ್ ರೂಪ ಕೊಟ್ಟ ಆ ಜೀವಿ ಮೊಟ್ಟೆಯಿಂದ ಚಿಮ್ಮಿ ಕೇನ್ ಎಂಬವನ ಮುಖಕ್ಕೆ ಕಚ್ಚಿಕೊಳ್ಳುತ್ತದೆ, ಅವನ ಒಡಲಲ್ಲಿ ಮರಿಯಿಟ್ಟು ತಾನು ಸಾಯುತ್ತದೆ, ಕೆಲವು ಗಂಟೆಗಳ ಮೇಲೆ ಮರಿ ಎದೆ ಸೀಳಿ ಹೊರಬೀಳುತ್ತದೆ. ಇದರ ಬೀಜ ಇರುವುದು ಪರಾವಲಂಬಿ ಕಣಜಗಳಲ್ಲಿ. ಜೀವಂತ ಹುಳುವಿನೊಳಗೆ ಮೊಟ್ಟೆಯಿಟ್ಟು, ಮರಿಗಳು ಅದನ್ನು ಒಳಗಿನಿಂದ ತಿಂದು ಬೆಳೆಯುವಂತೆ ಮಾಡುವ ಈ ಕಣಜಗಳನ್ನು ಕಂಡು ಚಾರ್ಲ್ಸ್ ಡಾರ್ವಿನ್ ಕೂಡ ತಳಮಳಗೊಂಡಿದ್ದ. ಕರುಣಾಳು ದೇವರು ಇಂಥದ್ದನ್ನು ಬೇಕೆಂದೇ ಸೃಷ್ಟಿಸಿದನೆಂದು ನಂಬಲು ತನ್ನಿಂದಾಗದು ಎಂದು 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದಿದ್ದ. ಹಾಗಾಗಿ ‘ಏಲಿಯನ್’ನ ಅತ್ಯಂತ ಭೀಕರ ದೃಶ್ಯ ಕಲ್ಪನೆಯ ಅತಿರೇಕವೇನಲ್ಲ. ಅದು ಇಡೀ ಚಿತ್ರದಲ್ಲಿ ವಾಸ್ತವಕ್ಕೆ ತೀರ ಹತ್ತಿರವಾದ ಭಾಗ.

ಕನ್ನಡದಲ್ಲಿ ಬರೆಯುವವರಿಗೆ ಇದರ ಸಾಕ್ಷಿ ಕೈಯಳತೆಯಲ್ಲೇ ಇದೆ. ರಾಮನಗರದಲ್ಲೋ ಕೋಲಾರದಲ್ಲೋ ರೇಷ್ಮೆ ಬೆಳೆಯುವ ಯಾರನ್ನಾದರೂ ಊಜಿ ನೊಣದ ಬಗ್ಗೆ ಕೇಳಿ ನೋಡಿ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಹುಳು ಮನೆಯೊಳಗೆ ನುಗ್ಗಿ ರೇಷ್ಮೆಹುಳುವಿನ ಮೈಮೇಲೆ ಗುಂಡುಸೂಜಿಯ ತಲೆಯಷ್ಟು ಚಿಕ್ಕದಾದ, ಕೆನೆ ಬಣ್ಣದ ಮೊಟ್ಟೆಯಿಟ್ಟು ಹೋಗುತ್ತದೆ. ಎರಡು ಮೂರು ದಿನಕ್ಕೆ ಮರಿ ಒಡೆದು, ಅದೇ ಜಾಗದಲ್ಲಿ ಚರ್ಮ ಕೊರೆದು ಒಳಗಿಳಿಯುತ್ತದೆ. ಹೊಕ್ಕ ಕಡೆ ಒಂದು ಕಪ್ಪು ಮಚ್ಚೆ ಉಳಿಯುತ್ತದೆ, ರೈತರು ಗುರುತು ಹಿಡಿಯುವುದು ಅದರಿಂದಲೇ. ಈ ನೊಣದ ಬಳಗದ ಹಲವು ಜಾತಿಗಳಲ್ಲಿ ನಡೆಯುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಒಳಹೊಕ್ಕ ಶತ್ರುವನ್ನು ಸುತ್ತುಗಟ್ಟಿ ಉಸಿರುಗಟ್ಟಿಸಲು ಹುಳುವಿನ ಮೈ ಪೊರೆಯೊಂದನ್ನು ಹೆಣೆಯುತ್ತದೆ, ಮರಿ ಆ ಪೊರೆಯನ್ನೇ ಕೊಳವೆಯಾಗಿ ತಿರುಗಿಸಿಕೊಂಡು ಅದರ ಮೂಲಕ ಹೊರಗಿನ ಗಾಳಿ ಎಳೆಯುತ್ತದೆ. ಆಶ್ರಯ ಕೊಟ್ಟ ಜೀವಿಯ ರಕ್ಷಣೆಯೇ ಕೊಲೆಗಾರನ ಉಸಿರಾಗುತ್ತದೆ. ಬೇಗ ಸೋಂಕು ತಗುಲಿದ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ತಡವಾಗಿ ತಗುಲಿದ್ದು ತನ್ನ ಪಾಡಿಗೆ ಗೂಡು ಕಟ್ಟುತ್ತದೆ, ಮರಿ ಗೂಡನ್ನೇ ತೂತು ಮಾಡಿ ಹೊರಬರುತ್ತದೆ, ಆ ಗೂಡು ನೂಲು ಬಿಚ್ಚಲು ಬಾರದು. ಇಷ್ಟಕ್ಕೇ ಮುಗಿಯಲಿಲ್ಲ. ಊಜಿಯ ಕೋಶದೊಳಗೆ ಮೊಟ್ಟೆಯಿಡುವ ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವೂ ಇದೆ, ಊಜಿಯ ಹಾವಳಿ ತಗ್ಗಿಸಲು ರೇಷ್ಮೆ ವಿಜ್ಞಾನಿಗಳು ಅದನ್ನೇ ಬೆಳೆಸಿ ರೈತರಿಗೆ ಕೊಡುತ್ತಾರೆ. ಕೊಲೆಗಾರನೊಳಗೆ ಇನ್ನೊಬ್ಬ ಕೊಲೆಗಾರ! ಇಷ್ಟು ಸೊಗಸಾದ ಭಯಾನಕತೆ ಯಾವ ಸ್ಟುಡಿಯೋದಲ್ಲೂ ಹುಟ್ಟಿಲ್ಲ.

ಈಗ ಊಜಿಯನ್ನೂ ‘ಏಲಿಯನ್’ ಜೀವಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎದೆ ಸೀಳಿ ಬಂದಾಗ ಅಂಗೈಯಲ್ಲಿ ಹಿಡಿಸುವಂತಿದ್ದ ಮರಿ ಕೆಲವೇ ಗಂಟೆಗಳಲ್ಲಿ ಆಳೆತ್ತರ ಮೀರಿ ಬೆಳೆದಿರುತ್ತದೆ. ಏನು ತಿಂದು? ಚಿತ್ರ ಹೇಳುವುದಿಲ್ಲ. ಭೂಮಿಯಲ್ಲಿ ವೇಗವಾಗಿ ಬೆಳೆಯುವ ಜೀವಿಗಳ ಸಾಲಿನಲ್ಲಿ ರೇಷ್ಮೆಹುಳುವೂ ಇದೆ, ಸುಮಾರು ಇಪ್ಪತ್ತೈದು ದಿನಗಳಲ್ಲಿ ಅದರ ತೂಕ ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಅದಕ್ಕಾಗಿ ಅದು ಪಡುವ ಪಾಡನ್ನು ಬೆಳೆಗಾರರ ಮನೆಯವರು ಬಲ್ಲರು. ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕಿದಷ್ಟೂ ಸಾಲದು, ತಟ್ಟೆಗಳಿಂದ ಮಳೆ ಹನಿದಂಥ ಸದ್ದು ನಿಲ್ಲುವುದಿಲ್ಲ. ಬೆಳವಣಿಗೆ ಎಂದರೆ ತಿನ್ನುವುದು, ಇದಕ್ಕೆ ಯಾವ ಗ್ರಹದಲ್ಲೂ ವಿನಾಯಿತಿಯಿಲ್ಲ. ಆ ಚಿತ್ರದ ಕಥೆ ನಡೆಯುವ ಆಕಾಶನೌಕೆಯ ಉಗ್ರಾಣದಲ್ಲಿ ಹರಿದ ಆಹಾರದ ಚೀಲಗಳು, ನೆಕ್ಕಿ ಖಾಲಿ ಮಾಡಿದ ಡಬ್ಬಿಗಳು ಒಂದೇ ಒಂದು ಕ್ಷಣ ಕಂಡಿದ್ದರೂ ಸಾಕಿತ್ತು. ಯಾರನ್ನೂ ಕೊಲ್ಲುವ ಮೊದಲೇ ಅದು ಎಷ್ಟು ದೊಡ್ಡದಾಗಿರಬಹುದೆಂದು ನೋಡುಗರೇ ಲೆಕ್ಕ ಹಾಕಿ ನಡುಗುತ್ತಿದ್ದರು.

ಎರಡನೆಯ ವ್ಯತ್ಯಾಸ ಇನ್ನೂ ದೊಡ್ಡದು. ಮೊಟ್ಟೆ ಯಾವುದೋ ನಿರ್ಜನ ಗ್ರಹದಲ್ಲಿ ಕಾದಿರುತ್ತದೆ, ಮನುಷ್ಯ ಎಂಬ ಪ್ರಾಣಿಯನ್ನು ಅದರ ವಂಶ ಎಂದೂ ಕಂಡಿಲ್ಲ, ಆದರೂ ಮೊದಲ ಯತ್ನದಲ್ಲೇ ಅವನ ಮೈ ಅದಕ್ಕೆ ಒಗ್ಗುತ್ತದೆ. 1992ರ ಮೂರನೇ ಚಿತ್ರದಲ್ಲಿ ನಾಯಿಯೂ ಒಗ್ಗುತ್ತದೆ. ನಿಜವಾದ ಪರಾವಲಂಬಿ ಕಣಜಗಳಲ್ಲಿ ಬಹುಪಾಲಿನ ಬಾಳು ಇದಕ್ಕೆ ತೀರ ಉಲ್ಟಾ. ಆಶ್ರಯ ಜೀವಿಯ ರೋಗನಿರೋಧಕ ವ್ಯವಸ್ಥೆಯನ್ನು ದಾಟಲು ಲಕ್ಷಾಂತರ ವರ್ಷಗಳ ತಯಾರಿ ಬೇಕು, ಒಂದು ಬೀಗಕ್ಕೆ ಹೊಂದುವ ಕೀಲಿ ಪಕ್ಕದ ಬೀಗಕ್ಕೆ ಹೊಂದುವುದಿಲ್ಲ. ಪಪ್ಪಾಯಿಗೆ ಹಿಟ್ಟು ತಿಗಣೆ ಬಂದ ಕಾಲವನ್ನು ನೆನೆಯಿರಿ. 2008ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡ ಆ ಕೀಟ ಕರ್ನಾಟಕಕ್ಕೂ ಹಬ್ಬಿ ಪಪ್ಪಾಯಿಯನ್ನಷ್ಟೇ ಅಲ್ಲ, ಹಿಪ್ಪುನೇರಳೆಯನ್ನೂ ಹಾಳುಗೆಡವಿತು. 2010ರಲ್ಲಿ ಪೋರ್ಟೊರಿಕೊದಿಂದ ಅಸೆರೊಫ್ಯಾಗಸ್ ಪಪಾಯೆ ಎಂಬ ಕಣಜವನ್ನು ಬೆಂಗಳೂರಿನ ಕೃಷಿ ಕೀಟ ಸಂಶೋಧನಾ ಸಂಸ್ಥೆಗೆ ತರಿಸಿ, ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ, ಹೊಲಗಳಿಗೆ ಬಿಟ್ಟರು. ಅದು ತಿಗಣೆಯನ್ನು ಹತೋಟಿಗೆ ತಂದಿತು, ಬೇರೆ ಉಪಯುಕ್ತ ಕೀಟಗಳ ತಂಟೆಗೆ ಹೋಗಲಿಲ್ಲ. ಪರದೇಶದ ಪರಾವಲಂಬಿಯೊಂದನ್ನು ವಿಜ್ಞಾನಿಗಳು ಧೈರ್ಯವಾಗಿ ಬಿಡುಗಡೆ ಮಾಡಲು ಸಾಧ್ಯವಾದದ್ದೇ ಅದಕ್ಕೆ ಕಂಡದ್ದನ್ನೆಲ್ಲ ಹೊಗಲು ಬರುವುದಿಲ್ಲ ಎಂಬ ಕಾರಣಕ್ಕೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿದೆ. ಆ ಜೀವಿ ಪ್ರಾಣಿಯೇ ಅಲ್ಲ, ಯಾರೋ ರೂಪಿಸಿದ ಆಯುಧ, ಆಯುಧಕ್ಕೆ ಹಸಿವು ಏಕೆ ಎನ್ನುತ್ತಾರೆ. 2012ರ ‘ಪ್ರೊಮಿಥಿಯಸ್’ ಮತ್ತು 2017ರ ‘ಏಲಿಯನ್: ಕವನೆಂಟ್’ ಚಿತ್ರಗಳು ಈ ದಾರಿಯನ್ನೇ ಹಿಡಿದವು. ತರ್ಕಕ್ಕೆ ಇದು ಸರಿಯೇ. ಆದರೆ ರೂಪಿಸಿದವನೊಬ್ಬ ಇದ್ದಾನೆಂದು ಗೊತ್ತಾದ ಗಳಿಗೆಯಲ್ಲೇ ನಮ್ಮ ಭಯ ಜೀವಿಯಿಂದ ಅವನ ಕಡೆಗೆ ಸರಿದುಬಿಡುತ್ತದೆ, ಜೀವಿ ಬರೀ ಸಲಕರಣೆಯಾಗುತ್ತದೆ. ಮನುಷ್ಯ ರೂಪಿಸಿದ ಜೀವಿಗಳಿಗೂ ಹೊಟ್ಟೆಯಿದೆ ಎಂಬುದನ್ನೂ ಮರೆಯಬಾರದು. ಕಾವಲಿಗೆಂದು ತಳಿ ಕಟ್ಟಿದ ನಾಯಿ ಕೂಡ ಹಸಿದರೆ ಕುಂಯ್‌ಗುಡುತ್ತದೆ, ಬಿಸಿಲೇರಿದರೆ ನೆರಳು ಹುಡುಕುತ್ತದೆ.

ಹಾಗೆಂದು ‘ಏಲಿಯನ್’ ಚಿತ್ರವನ್ನು ಕೆಳಗಿಳಿಸುವ ಉದ್ದೇಶ ನನಗಿಲ್ಲ. ಅದು ಇಷ್ಟು ವರ್ಷ ಬಾಳಿದ್ದರ ಗುಟ್ಟು ಪ್ರಾಣಿಯಂತೆ ನಡೆದುಕೊಳ್ಳುವ ನಾಲ್ಕಾರು ಗಳಿಗೆಗಳಲ್ಲಿದೆ ಎಂದೇ ನನ್ನ ನಂಬಿಕೆ. ಬೆಕ್ಕನ್ನು ಹುಡುಕುತ್ತ ಹೋದ ನೌಕೆಯ ಸಿಬ್ಬಂದಿ ಬ್ರೆಟ್‌ಗೆ ನೆಲದ ಮೇಲೆ ಮೊದಲು ಸಿಗುವುದು ಕಳಚಿಬಿದ್ದ ಪೊರೆ. ಜೀವಿ ಅವನನ್ನು ಅಟ್ಟಿಸಿಕೊಂಡು ಬರುವುದಿಲ್ಲ, ಮೇಲಿನಿಂದ ಜೋತುಬಿದ್ದ ಸರಪಳಿಗಳ ನಡುವೆ ಅಲುಗಾಡದೆ ಕಾದಿರುತ್ತದೆ. ಕೊನೆಗೆ ಪುಟ್ಟ ನೌಕೆಯಲ್ಲಿ ನಾಯಕಿ ರಿಪ್ಲೆ ತಪ್ಪಿಸಿಕೊಂಡು ಹೊರಟಾಗ ಅದು ಗೋಡೆಯ ಕೊಳವೆಗಳ ಸಂದಿಯಲ್ಲಿ ಮುದುರಿಕೊಂಡು ಮಲಗಿರುತ್ತದೆ. ಅವಳು ಬೆಚ್ಚಿ ಹಿಂದೆ ಸರಿದರೂ ಅದು ಏಳುವುದಿಲ್ಲ, ತೂಕಡಿಸುವವರಂತೆ ನಿಧಾನವಾಗಿ ಬಾಯಿ ತೆರೆದು ಮುಚ್ಚುತ್ತದೆ. ಬೆಚ್ಚಗಿನ ಸಂದು ಹುಡುಕಿ ಮಲಗಿದ ಪ್ರಾಣಿ ಅದು. ಆಗ ಅದಕ್ಕೆ ಅವಳ ಮೇಲೆ ಹಗೆಯೂ ಇಲ್ಲ, ಆಸಕ್ತಿಯೂ ಇಲ್ಲ. ಇಡೀ ಚಿತ್ರದಲ್ಲಿ ಉಸಿರು ಬಿಗಿಹಿಡಿಸುವ ದೃಶ್ಯ ಇದು. ಎಚ್ಚರಾದರೆ ಏನಾದೀತು ಎಂಬ ಭಯ ಹುಟ್ಟುವುದು ಅದು ನಿದ್ದೆ ಮಾಡಬಲ್ಲದು ಎಂದು ಗೊತ್ತಾದ ಮೇಲೆ ತಾನೆ?

ಹಸಿವಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಭಯಾನಕ ಕಥೆಗಳು ಹೆಚ್ಚು ಎಡವುವುದು ಇಲ್ಲೇ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ದಶಕಗಳ ಕಾಲ ನಡೆಸಿದ ಅಧ್ಯಯನ ತೋರಿಸಿಕೊಟ್ಟ ಸತ್ಯ ಸರಳವಾದದ್ದು. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು ಐವತ್ತು ಪ್ರಾಣಿಗಳು ಬೇಕು, ಅಷ್ಟು ಬಲಿ ಪ್ರತಿವರ್ಷ ಸಿಗುತ್ತಿರಬೇಕಾದರೆ ಆ ಕಾಡಿನಲ್ಲಿ ಅದರ ಪಾಲಿಗೆ ಐನೂರರಷ್ಟು ಬಲಿಪ್ರಾಣಿಗಳು ಇರಬೇಕು. ಹುಲಿಗಳ ಸಂಖ್ಯೆಯನ್ನು ನಿರ್ಧರಿಸುವುದು ಹುಲಿಯ ಶೌರ್ಯವಲ್ಲ, ಜಿಂಕೆ, ಕಡವೆ, ಕಾಟಿಗಳ ಸಂಖ್ಯೆ. ಅಷ್ಟು ಶಕ್ತಿಯುಳ್ಳ ಪ್ರಾಣಿಯ ಬೇಟೆಯೂ ಬಹುಪಾಲು ಸೋಲಿನದೇ, ಹತ್ತಿಪ್ಪತ್ತು ಸಲ ಹೊಂಚಿದರೆ ಒಂದು ಸಲ ಗೆಲುವು. ಕಾಟಿಯ ಕೊಂಬೋ ಮುಳ್ಳುಹಂದಿಯ ಮುಳ್ಳೋ ತಗುಲಿ ಕಾಲು ಊನವಾದರೆ ಅದು ಉಪವಾಸ ಬಿದ್ದು ಸಾಯುತ್ತದೆ, ಊಟ ತಂದುಕೊಡುವವರು ಯಾರೂ ಇಲ್ಲ. ಅದಕ್ಕೇ ಅದು ಹಿಂಜರಿಯುತ್ತದೆ, ಸುತ್ತು ಹಾಕುತ್ತದೆ, ಅನುಮಾನ ಬಂದರೆ ಬಿಟ್ಟು ಹೋಗುತ್ತದೆ. ಈ ಲೆಕ್ಕವನ್ನು ‘ಪಿಚ್ ಬ್ಲ್ಯಾಕ್’ ಚಿತ್ರಕ್ಕೆ ಹಚ್ಚಿ ನೋಡಿ. 2000ದ ಆ ಚಿತ್ರದ ಗ್ರಹದಲ್ಲಿ 22 ವರ್ಷಕ್ಕೊಮ್ಮೆ ಗ್ರಹಣ ಹಿಡಿದು ಕತ್ತಲಾದಾಗ ನೆಲದಡಿಯಿಂದ ಬೇಟೆಗಾರ ಜೀವಿಗಳು ಹಿಂಡುಹಿಂಡಾಗಿ ಏಳುತ್ತವೆ. ನಮ್ಮ ಭೂಮಿಯಲ್ಲೂ 13 ವರ್ಷಕ್ಕೆ, 17 ವರ್ಷಕ್ಕೆ ಒಮ್ಮೆ ನೆಲದಿಂದ ಎದ್ದು ಬರುವ ಜೀವಿಗಳಿವೆ, ಅವು ಅಮೆರಿಕದ ಪೂರ್ವ ಭಾಗದ ಸಿಕೇಡಾ ಕೀಟಗಳು. ಅವು ಅಷ್ಟು ವರ್ಷ ಬೇರಿನ ರಸ ಹೀರುತ್ತ ಕೂರುತ್ತವೆ. ಒಟ್ಟಿಗೆ ಏಳುವುದು ತಿನ್ನುವುದಕ್ಕಲ್ಲ, ತಿನ್ನುವವರ ಹೊಟ್ಟೆ ತುಂಬಿ ಮಿಕ್ಕಷ್ಟಾದರೂ ಬದುಕಲಿ ಎಂಬ ಕಾರಣಕ್ಕೆ. ದಶಕಗಟ್ಟಲೆ ಕಾಯುವ ತಂತ್ರ ಬಲಿಯದು, ಬೇಟೆಗಾರನದಲ್ಲ. ಬಲಿಯಾಗುವ ಜೀವಿಗಳು ಕೋಟಿಗಟ್ಟಲೆ ಎದ್ದಾವೆಂದರೆ ಅವನ್ನು ತಿನ್ನಲು ಏನು ಬರುತ್ತಿದೆ ಎಂಬ ಪ್ರಶ್ನೆಯೇ ಒಂದು ಕಥೆಗೆ ಸಾಕು.

2018ರ ‘ಎ ಕ್ವಯಟ್ ಪ್ಲೇಸ್’ ಇನ್ನಷ್ಟು ಎಚ್ಚರದಿಂದ ಕಟ್ಟಿದ ಚಿತ್ರ. ಕಣ್ಣಿಲ್ಲದ, ಕಿವಿಯಿಂದಲೇ ಬೇಟೆಯಾಡುವ ಜೀವಿ. ಇದಕ್ಕೆ ಪ್ರಕೃತಿಯಲ್ಲಿ ಆಧಾರವಿದೆ, ಕಣಜ ಗೂಬೆ ಕಗ್ಗತ್ತಲಲ್ಲಿ ಇಲಿಯ ಸರಸರ ಸದ್ದು ಕೇಳಿಯೇ ಎರಗಬಲ್ಲದು. ಹರಿಯುವ ನೀರಿನ ಭೋರ್ಗರೆತದ ಪಕ್ಕದಲ್ಲಿ ತಂದೆ ಮಗ ಬಾಯ್ತುಂಬ ಮಾತಾಡಬಲ್ಲರು ಎಂಬ ವಿವರ ನಿಜಕ್ಕೂ ಜಾಣತನದ್ದು. ಆದರೆ ಕಥೆ ಮುಖ್ಯವಾಗಿ ನಡೆಯುವುದು ದಾಳಿ ಶುರುವಾಗಿ 472ನೇ ದಿನದ ಹೊತ್ತಿಗೆ. ಅಷ್ಟು ದಿನ ಕಳೆದರೂ ಆ ಜೀವಿ ಪ್ರತಿ ಸದ್ದಿಗೂ ಮೊದಲ ದಿನದ ಆವೇಶದಲ್ಲೇ ಧಾವಿಸುತ್ತದೆ. ಲಾಭವಿಲ್ಲದ ಸದ್ದಿಗೆ ಕಿವಿಗೊಡದಿರುವುದು ಪ್ರಾಣಿಲೋಕದ ಅತಿ ಹಳೆಯ ಕಲಿಕೆ. ಸುಮಾರು ಇಪ್ಪತ್ತು ಸಾವಿರ ನರಕೋಶಗಳಷ್ಟೇ ಇರುವ ಕಡಲ ಬಸವನಹುಳು ಅಪ್ಲೀಸಿಯಾ ಕೂಡ ಅಪಾಯವಿಲ್ಲದ ಮುಟ್ಟುವಿಕೆಗೆ ಮುದುರಿಕೊಳ್ಳುವುದನ್ನು ಬೇಗನೆ ಬಿಡುತ್ತದೆ. ಅದರ ನರಗಳಲ್ಲಿ ಕಲಿಕೆಯ ಜಾಡು ಹಿಡಿದ ಎರಿಕ್ ಕ್ಯಾಂಡೆಲ್‌ಗೆ 2000ದಲ್ಲಿ ನೊಬೆಲ್ ಬಂತು. ವರ್ಷ ಮೀರಿ ಬೇಟೆಯಾಡಿದ ಜೀವಿ ಬೀಳುವ ಪಾತ್ರೆಗೂ ನಡೆಯುವ ಕಾಲಿಗೂ ವ್ಯತ್ಯಾಸ ಕಲಿತಿರಬೇಕು. ಪಟಾಕಿ ಸಿಡಿಸಿ ಅದರ ಗಮನ ಬೇರೆಡೆಗೆ ಸೆಳೆಯುವ ಉಪಾಯ ಮೂರನೆಯ ಸಲ ಫಲಿಸಬಾರದು. ಪಟಾಕಿಯ ಸದ್ದಿನ ಕಡೆ ಹೋಗದೆ, ಪಟಾಕಿ ಹಚ್ಚಿದವರು ಎಲ್ಲಿದ್ದಾರೆಂದು ಅದು ಕತ್ತು ತಿರುಗಿಸಿತು ಎಂದುಕೊಳ್ಳಿ. ಹೆದರಿಕೆ ದುಪ್ಪಟ್ಟಾಗುವುದಿಲ್ಲವೆ?

ಭೂಮಿಯ ನಿಯಮಗಳನ್ನು ಬೇರೆ ಗ್ರಹಕ್ಕೆ ಏಕೆ ಹೇರಬೇಕು ಎಂದು ಕೇಳುವವರಿದ್ದಾರೆ. ಆಕಾರ, ಬಣ್ಣ, ಇಂದ್ರಿಯ, ಸಂತಾನದ ರೀತಿ ಇವುಗಳನ್ನೆಲ್ಲ ಹೇರಬೇಕಿಲ್ಲ, ಅಲ್ಲಿ ನಿಮ್ಮ ಕಲ್ಪನೆಗೆ ಅಂಕೆಯಿಲ್ಲ. ಎರಡನ್ನು ಮಾತ್ರ ಬಿಟ್ಟುಕೊಡಲಾಗದು. ಶಕ್ತಿ ಎಲ್ಲಿಂದಲೋ ಬರಬೇಕು, ಖರ್ಚಾದಷ್ಟು ತುಂಬಬೇಕು. ಮತ್ತು ತನ್ನ ಜೀವವನ್ನು ಲೆಕ್ಕಿಸದೆ ಎಲ್ಲದರ ಮೇಲೂ ಬೀಳುವ ಜೀವಿಯ ವಂಶ, ಲೆಕ್ಕ ಹಾಕಿ ನಡೆಯುವ ಜೀವಿಯ ವಂಶದ ಎದುರು ಬಾಳುವುದಿಲ್ಲ. ಹುಟ್ಟು, ಸಾವು, ಬದಲಾವಣೆ ಇರುವಲ್ಲೆಲ್ಲ ಈ ಆಯ್ಕೆ ನಡೆಯಲೇಬೇಕು. ಜಾನ್ ಕಾರ್ಪೆಂಟರ್ 1982ರಲ್ಲಿ ಮಾಡಿದ ‘ದಿ ಥಿಂಗ್’ ಚಿತ್ರದ ಜೀವಿಗೆ ಭೂಮಿಯ ಯಾವ ಪ್ರಾಣಿಯ ಹೋಲಿಕೆಯೂ ಇಲ್ಲ, ಆದರೂ ಅದರ ನಡತೆ ಅಪ್ಪಟ ಪ್ರಾಣಿಯದು. ಬಯಲಾಗುವವರೆಗೆ ಅಡಗಿರುತ್ತದೆ, ಒಬ್ಬಂಟಿಯಾಗಿ ಸಿಕ್ಕವರನ್ನೇ ಹಿಡಿಯುತ್ತದೆ, ಗುಂಪಿನ ಎದುರು ಸಾಧ್ಯವಾದಷ್ಟೂ ಹೊಡೆದಾಟ ತಪ್ಪಿಸುತ್ತದೆ. ಬಿಸಿ ತಂತಿ ತಾಗಿದಾಗ ತಟ್ಟೆಯಲ್ಲಿದ್ದ ಒಂದಿಷ್ಟು ರಕ್ತ ಕೂಡ ಜೀವ ಉಳಿಸಿಕೊಳ್ಳಲು ಚಿಮ್ಮಿ ಓಡುತ್ತದೆ. ಆ ದೃಶ್ಯ ಮರೆಯಲಾಗದ್ದು, ಏಕೆಂದರೆ ಆ ರಕ್ತಕ್ಕೆ ನಮ್ಮ ಮೇಲೆ ದ್ವೇಷವಿಲ್ಲ, ಸಾವಿನ ಅಂಜಿಕೆಯಿದೆ.

ಇನ್ನು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ನಿಜವಾದ ಪ್ರಾಣಿಗಳೂ ಹಸಿವು ಮೀರಿ ಕೊಲ್ಲುತ್ತವಲ್ಲ? ಕುರಿದೊಡ್ಡಿಗೆ ನುಗ್ಗಿದ ಚಿರತೆ ಒಂದು ಕುರಿ ತಿನ್ನಲು ಬಂದು ಹತ್ತಾರು ಕುರಿಗಳನ್ನು ಕೊಂದುಹಾಕಿದ ಉದಾಹರಣೆಗಳಿವೆ. ಹೌದು, ಇದು ನಿಜ. ಪ್ರಾಣಿವಿಜ್ಞಾನಿ ಹಾನ್ಸ್ ಕ್ರೂಕ್ 1972ರಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿದ. ಕತ್ತಲ ರಾತ್ರಿಯಲ್ಲಿ ಗೂಡು ಬಿಟ್ಟು ಏಳದ ಕಡಲಹಕ್ಕಿಗಳ ನಡುವೆ ನರಿ ಹೊಕ್ಕಾಗ ಇಂಥದೇ ನಡೆಯುತ್ತದೆ. ಕಾಡಿನಲ್ಲಿ ಒಂದು ಬಲಿ ಬೀಳುವಷ್ಟರಲ್ಲಿ ಮಿಕ್ಕವು ಓಡಿಹೋಗುತ್ತವೆ, ಹಿಡಿಯುವ ಪ್ರಚೋದನೆ ತಾನಾಗಿಯೇ ನಿಲ್ಲುತ್ತದೆ. ದೊಡ್ಡಿಯಲ್ಲಿ ಓಡಲು ದಾರಿಯಿಲ್ಲದ ಕುರಿಗಳು ಕಣ್ಣೆದುರೇ ಒದ್ದಾಡುತ್ತಿದ್ದರೆ ಆ ಪ್ರಚೋದನೆ ನಿಲ್ಲುವುದಿಲ್ಲ. ಅಂದರೆ ಈ ಕೊಲೆಗೂ ಕಾರಣವಿದೆ, ಬೇಲಿ ಕಟ್ಟಿದವರಿಗೆ ಆ ಕಾರಣದಲ್ಲಿ ಪಾಲಿದೆ. ನರಭಕ್ಷಕಗಳ ಕಥೆಯೂ ಹೀಗೆಯೇ. 436 ಜನರನ್ನು ಬಲಿ ತೆಗೆದುಕೊಂಡಿತೆನ್ನುವ ಚಂಪಾವತದ ಹೆಣ್ಣುಹುಲಿಯನ್ನು ಬೇಟೆಗಾರ ಜಿಮ್ ಕಾರ್ಬೆಟ್ 1907ರಲ್ಲಿ ಕೊಂದಾಗ ಅದರ ಬಲಬದಿಯ ಮೇಲಿನ, ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಹಿಂದೆಂದೋ ತಗುಲಿದ ಗುಂಡಿನ ಗಾಯ ಅದು. ಸಹಜ ಬೇಟೆ ಅದಕ್ಕೆ ಅಸಾಧ್ಯವಾಗಿತ್ತು. ನಿಮ್ಮ ಕಥೆಯ ಜೀವಿ ಸಿಕ್ಕಸಿಕ್ಕವರನ್ನು ಕೊಲ್ಲುತ್ತಿದ್ದರೆ ಅದರ ಬಾಯೊಳಗಿನ ಮುರಿದ ಹಲ್ಲು ಯಾವುದೆಂದು ನಿಮಗಾದರೂ ಗೊತ್ತಿರಲಿ. ಓದುಗರಿಗೆ ಅದನ್ನು ಯಾವಾಗ ತೋರಿಸಬೇಕೆಂಬುದು ನಿಮ್ಮ ಕೈಯಲ್ಲಿದೆ.

ಹೊರಗಿನಿಂದ ಬಂದ ಪ್ರಾಣಿ ಇಡೀ ನಾಡನ್ನು ಬರಿದು ಮಾಡಿದ ನಿದರ್ಶನವನ್ನೂ ಮುಂದಿಡಬಹುದು. ಎರಡನೇ ಮಹಾಯುದ್ಧದ ನಂತರ ಹಡಗಿನ ಸಾಮಾನುಗಳ ನಡುವೆ ಸೇರಿಕೊಂಡು ಪೆಸಿಫಿಕ್ ಸಾಗರದ ಗುವಾಮ್ ದ್ವೀಪ ತಲುಪಿದ ಕಂದು ಮರಹಾವು, ಅಲ್ಲಿನ 12 ಜಾತಿಯ ಕಾಡುಹಕ್ಕಿಗಳಲ್ಲಿ 10ನ್ನು ಕಾಡಿನಿಂದ ಇಲ್ಲವಾಗಿಸಿತು. ಅದು ನಡೆದ ರೀತಿ ನೋಡಿ. ಹಾವು ವಿಶೇಷವಾದದ್ದೇನನ್ನೂ ಮಾಡಲಿಲ್ಲ. ರಾತ್ರಿ ಮರ ಹತ್ತಿತು, ಮೊಟ್ಟೆ ಮರಿ ನುಂಗಿತು, ಹಗಲು ಮಲಗಿತು. ಅದಕ್ಕೆ ಶತ್ರುಗಳಿರಲಿಲ್ಲ, ಹಕ್ಕಿಗಳಿಗೆ ಹಾವಿನ ಅರಿವಿರಲಿಲ್ಲ. ಹಕ್ಕಿಗಳು ಏಕೆ ಕಾಣೆಯಾಗುತ್ತಿವೆ ಎಂದು ದಶಕಗಳ ಕಾಲ ಯಾರಿಗೂ ತಿಳಿಯಲಿಲ್ಲ. ಕೀಟನಾಶಕವಿರಬಹುದು, ರೋಗವಿರಬಹುದು ಎಂದು ಹುಡುಕಿದರು. ಹಾವೇ ಕಾರಣವೆಂದು ಜೀವವಿಜ್ಞಾನಿ ಜೂಲಿ ಸ್ಯಾವಿಜ್ 1987ರಲ್ಲಿ ತೋರಿಸಿಕೊಡುವ ಹೊತ್ತಿಗೆ ಕಾಡು ಮೌನವಾಗಿತ್ತು. ಗರ್ಜನೆಯಿಲ್ಲದ, ಅಟ್ಟಾಟವಿಲ್ಲದ, ಒಂದು ಸಾಮಾನ್ಯ ಪ್ರಾಣಿಯ ಸಾಮಾನ್ಯ ದಿನಚರಿಯಿಂದ ಆದ ಸರ್ವನಾಶ. ಇಂಥ ಅನ್ಯಗ್ರಹದ ಕಥೆಯನ್ನು ನಾನು ಇನ್ನೂ ಎದುರು ನೋಡುತ್ತಿದ್ದೇನೆ. ವೆಲ್ಸ್‌ಗೆ ಇದರ ಸುಳಿವಿತ್ತು. ಟಿ. ಎಚ್. ಹಕ್ಸ್‌ಲಿಯ ಬಳಿ ಜೀವವಿಜ್ಞಾನ ಕಲಿತಿದ್ದ ಅವನು ತನ್ನ ಮಂಗಳದವರನ್ನು ಕೊಲ್ಲಲು ಫಿರಂಗಿ ತರಲಿಲ್ಲ, ಬ್ಯಾಕ್ಟೀರಿಯಾ ತಂದ. ಮೈಯೊಂದು ಇನ್ನೊಂದು ಲೋಕಕ್ಕೆ ಹೋದರೆ ಎರಡೂ ಕಡೆ ಏನೇನಾಗಬಹುದು ಎಂದು ಯೋಚಿಸಿದವನು ಅವನು.

ಭಯದ ಕಥೆಯ ಜೀವಿ ಮನುಷ್ಯನ ಒಳಗಿನ ಭಯಕ್ಕೆ ಸಂಕೇತ, ಅದಕ್ಕೆ ಪ್ರಾಣಿಶಾಸ್ತ್ರದ ಪರೀಕ್ಷೆ ಏಕೆ ಎಂಬ ಮಾತನ್ನೂ ಬದಿಗಿಡುವಂತಿಲ್ಲ. ಅರ್ಥವನ್ನೂ ಪ್ರಾಣಿಯನ್ನೂ ಒಟ್ಟಿಗೆ ಹಿಡಿದ ಕೃತಿಗಳು ಇವೆ ಎಂಬುದೇ ಇದಕ್ಕೆ ಉತ್ತರ. ಆಕ್ಟೇವಿಯಾ ಬಟ್ಲರ್ 1984ರಲ್ಲಿ ಬರೆದ ‘ಬ್ಲಡ್‌ಚೈಲ್ಡ್’ ಕಥೆಯಲ್ಲಿ ಅನ್ಯಗ್ರಹದ ಜೀವಿಗಳು ಮನುಷ್ಯರ ಮೈಯಲ್ಲೇ ಮೊಟ್ಟೆಯಿಡುತ್ತವೆ. ಚರ್ಮದಡಿಯಲ್ಲಿ ಮರಿ ಬೆಳೆಸುವ ಬಾಟ್‌ಫ್ಲೈ ನೊಣದ ಭಯದಿಂದ ಹುಟ್ಟಿದ ಕಥೆ ಅದು. ಆದರೆ ಅಲ್ಲಿ ಆ ಜೀವಿಗಳಿಗೆ ಮನುಷ್ಯರು ಬೇಕು. ಬೇಕಾದವರನ್ನು ಅವು ಕೊಂದು ಎಸೆಯುವುದಿಲ್ಲ, ಮನೆಮಂದಿಯಂತೆ ಸಾಕುತ್ತವೆ, ಮುದ್ದಿಸುತ್ತವೆ. ಆ ಅಕ್ಕರೆಯಿಂದಲೇ ಉಸಿರು ಕಟ್ಟುತ್ತದೆ. ಜೋರ್ಡನ್ ಪೀಲ್ 2022ರಲ್ಲಿ ಮಾಡಿದ ‘ನೋಪ್’ ಚಿತ್ರದಲ್ಲಿ ಮೋಡದ ಮರೆಯಲ್ಲಿ ಅಡಗಿದ್ದು ಹಾರುವ ತಟ್ಟೆಯೆಂದು ಎಲ್ಲರೂ ನಂಬಿರುತ್ತಾರೆ. ಕುದುರೆ ಪಳಗಿಸುವ ಓಜೆ ಒಬ್ಬನಿಗೆ ಮಾತ್ರ ಅದು ಪ್ರಾಣಿ ಎಂದು ಹೊಳೆಯುತ್ತದೆ. ಅದಕ್ಕೆ ತನ್ನ ಸರಹದ್ದಿದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಕೆರಳುತ್ತದೆ. ಜೀರ್ಣವಾಗದ ನಾಣ್ಯ, ಬೀಗದಕೈಗಳನ್ನು ಆಕಾಶದಿಂದ ಉಗುಳುತ್ತದೆ, ಓಜೆಯ ತಂದೆ ಸಾಯುವುದು ಆ ಮಳೆಗೆ ಸಿಕ್ಕಿಯೇ. ಅದನ್ನು ಪಳಗಿಸಿದ್ದೇನೆಂದುಕೊಂಡು, ಕುದುರೆಗಳನ್ನು ಉಣಬಡಿಸಿ ಟಿಕೆಟ್ ಮಾರಿದವನು ಪ್ರೇಕ್ಷಕರ ಸಮೇತ ಅದರ ಬಾಯಿಗೆ ಬೀಳುತ್ತಾನೆ. ಊಟ ಹಾಕಿ ರೂಢಿ ಮಾಡಿಸಿದ ಕಾಡುಪ್ರಾಣಿ ಎಷ್ಟು ಅಪಾಯಕಾರಿ ಎಂದು ಕಾಡಂಚಿನವರೆಲ್ಲ ಬಲ್ಲರು. ನೋಡುವ ಚಟ, ತಮಾಷೆಯ ವ್ಯಾಪಾರ ಇವುಗಳ ಬಗ್ಗೆ ಆ ಚಿತ್ರ ಹೇಳುವುದೆಲ್ಲ ಜೀವಿಯ ನಡತೆಯ ಮೂಲಕವೇ ನಮಗೆ ತಲುಪುತ್ತದೆ.

ಇನ್ನು ನೀವು ತಪ್ಪದೆ ಬರೆಯುವ ರಾಣಿಯ ವಿಚಾರ. ಜೇಮ್ಸ್ ಕ್ಯಾಮರನ್ 1986ರ ‘ಏಲಿಯನ್ಸ್’ನಲ್ಲಿ ತಂದ ಆ ದೈತ್ಯ ರಾಣಿಯ ನಂತರ ಇಂಥ ಕಥೆಗಳಲ್ಲೆಲ್ಲ ರಾಣಿಯನ್ನು ಕೊಂದರೆ ಗೂಡೇ ಮುಗಿಯಿತು ಎಂಬುದು ಸಲೀಸಾದ ಮುಕ್ತಾಯವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಅವರ ಸಂಗಡಿಗರು ದಶಕಗಳಿಂದ ರೋಪಾಲಿಡಿಯ ಮಾರ್ಜಿನೇಟಾ ಎಂಬ ಕಣಜದ ಗೂಡುಗಳನ್ನು ಗಮನಿಸಿದ್ದಾರೆ. ಅಲ್ಲಿನ ರಾಣಿ ಗೂಡಿನಲ್ಲೇ ಸಾಧು ಜೀವಿ, ಯಾರ ಮೇಲೂ ಏರಿ ಹೋಗುವುದಿಲ್ಲ, ಅವಳ ಒಡೆತನ ನಡೆಯುವುದು ಮೈವಾಸನೆಯಿಂದ. ಅವಳನ್ನು ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರ್ತಿಯೊಬ್ಬಳು ಕೆರಳಿ ಉಳಿದವರ ಮೇಲೆಲ್ಲ ಏರಿ ಬೀಳುತ್ತಾಳೆ. ರಾಣಿಯನ್ನು ಮರಳಿ ಬಿಟ್ಟರೆ ತಣ್ಣಗಾಗಿ ಮತ್ತೆ ಕೆಲಸಗಾರ್ತಿಯಾಗುತ್ತಾಳೆ. ಬಿಡದಿದ್ದರೆ ಕೆಲವು ದಿನಗಳಲ್ಲಿ ಮೊಟ್ಟೆಯಿಡತೊಡಗಿ, ಅವಳೂ ಸಾಧುವಾಗುತ್ತಾಳೆ. ಮುಂದಿನ ರಾಣಿ ಯಾರೆಂದು ನೋಡುವ ವಿಜ್ಞಾನಿಗಳಿಗೆ ಮುಂಚೆ ಹೇಳಲಾಗುವುದಿಲ್ಲ, ಕಣಜಗಳಿಗೆ ಮಾತ್ರ ಅದು ಗೊತ್ತಿರುವಂತೆ ತೋರುತ್ತದೆ. ಮನೆಯ ಸೂರಿನಡಿ ನೇತಾಡುವ ಕಾಗದದಂಥ ಗೂಡಿನಲ್ಲಿ ಇಷ್ಟು ಕಥೆಯಿದೆ. ನಿಮ್ಮ ನಾಯಕಿ ರಾಣಿಯನ್ನು ಸುಟ್ಟು ನಿಟ್ಟುಸಿರಿಟ್ಟ ಮೇಲೆ, ಅಷ್ಟು ಹೊತ್ತೂ ಮೂಲೆಯಲ್ಲಿ ಸುಮ್ಮನಿದ್ದ ಒಂದು ಜೀವಿ ಮೆಲ್ಲಗೆ ಎದ್ದು ನಿಲ್ಲಲಿ.

ಇದನ್ನೆಲ್ಲ ಇಷ್ಟು ಒತ್ತಿ ಹೇಳುವುದಕ್ಕೆ ಕಥೆಯ ಹೊರಗೂ ಒಂದು ಕಾರಣವಿದೆ. ಪೀಟರ್ ಬೆಂಚ್ಲಿ 1974ರಲ್ಲಿ ‘ಜಾಸ್’ ಕಾದಂಬರಿ ಬರೆದ, ಮರುವರ್ಷ ಸ್ಟೀವನ್ ಸ್ಪಿಲ್‌ಬರ್ಗ್ ಅದನ್ನು ಸಿನಿಮಾ ಮಾಡಿದ. ಮನುಷ್ಯರ ಮೇಲೆ ಹಗೆ ಸಾಧಿಸುವ ಶಾರ್ಕ್ ಎಂಬ ಕಲ್ಪನೆ ಜಗತ್ತಿನ ತಲೆಯಲ್ಲಿ ಕೂತುಬಿಟ್ಟಿತು. ಆ ಶಾರ್ಕನ್ನು ಹಾಗೆ ಬರೆದದ್ದಕ್ಕೆ ಬೆಂಚ್ಲಿ ಮುಂದೆ ವಿಷಾದಪಟ್ಟು, ಉಳಿದ ಆಯುಷ್ಯದ ಬಹುಭಾಗವನ್ನು ಶಾರ್ಕ್‌ಗಳ ಉಳಿವಿಗಾಗಿ ವೆಚ್ಚಮಾಡಿದ. ಅನ್ಯಗ್ರಹದ ಜೀವಿ ಎಲ್ಲೂ ಇಲ್ಲ, ಅದಕ್ಕೆ ಅನ್ಯಾಯವಾಗದು ಎನ್ನಬಹುದು. ಆದರೆ ಅದರ ಮೈ ಕಟ್ಟಿರುವುದು ಇಲ್ಲಿನ ಹಾವು, ಜೇಡ, ಕಣಜ, ಬಾವಲಿಗಳ ತುಣುಕುಗಳಿಂದ. ಅದರ ಮೇಲೆ ಕಲಿತ ದ್ವೇಷ ಇವುಗಳ ಮೇಲೆಯೇ ಇಳಿಯುತ್ತದೆ. ಊರೊಳಗೆ ದಾರಿ ತಪ್ಪಿ ಬಂದ ಚಿರತೆಯ ಸುತ್ತ ಜನ ಸೇರಿ ಕೂಗಿ ಕಲ್ಲೆಸೆಯುವಾಗ ಅವರು ಕಾಣುತ್ತಿರುವುದು ಹೆದರಿದ ಪ್ರಾಣಿಯನ್ನಲ್ಲ, ಕೇಡು ಬಗೆಯಲು ಬಂದ ಒಂದು ಜೀವಿಯನ್ನು. ಓಡಲು ದಾರಿ ಬಿಟ್ಟಿದ್ದರೆ ಅದು ಓಡಿಹೋಗುತ್ತಿತ್ತು.

ಮುಂದಿನ ಕಥೆಗೆ ಕೂರುವ ಮೊದಲು, ಮನುಷ್ಯರು ಯಾರೂ ಇಲ್ಲದ ಒಂದು ದಿನ ನಿಮ್ಮ ಜೀವಿ ಹೇಗೆ ಕಳೆಯುತ್ತದೆಂದು ಒಂದು ಪುಟ ಬರೆದುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಎಲ್ಲಿ ಮಲಗಿತು, ಏನನ್ನು ಹಿಡಿಯಲು ಹೋಗಿ ಸೋತಿತು, ಯಾವುದರ ವಾಸನೆ ಬಂದಾಗ ಅಡಗಿತು, ಮರಿಗಳಿದ್ದರೆ ಅವನ್ನು ಎಲ್ಲಿ ಬಿಟ್ಟು ಬಂದಿತು. ಆ ಪುಟ ಅಚ್ಚಾಗಬೇಕಿಲ್ಲ. ಅದನ್ನು ಬರೆದಾದ ಮೇಲೆ ನಿಮ್ಮ ಮನುಷ್ಯರನ್ನು ಅದರ ದಾರಿಗೆ ತನ್ನಿ.

ವಿಶ್ವಾಸದಿಂದ,
ನಿಮ್ಮ ಕಥೆಗಳಿಗೆ ಕಾದಿರುವ ಓದುಗ